ಸಗಟಿನ ಗಂಟು

ಕೃಷ್ಣಾ ಮತ್ತು ಭೀಮಾ ನದಿಗಳು ಹಾಯುವ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಗೆ ಸಗರನಾಡು ಎಂದು ಹೆಸರು. ಶಹಾಪುರ ತಾಲೂಕಿನಲ್ಲಿರುವ ಸಗರ ಎಂಬ ಊರೇ ಈ ಹೆಸರಿಗೆ ಮೂಲ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಈ ಸೀಮೆಯು ‘ಸಗರ ಮುನ್ನೂರು’ ಎಂದು ಕರೆಯಿಸಿಕೊಂಡಿದೆ. ಬಹುಕಾಲ ಗುಲ್ಬರ್ಗಾ ಜಿಲ್ಲೆಯಲ್ಲಿ ಸೇರಿದ್ದ ಇದು 2009ರ ಡಿಸೆಂಬರಿನಲ್ಲಿ ಯಾದಗಿರಿ ಎಂಬ ಪ್ರತ್ಯೇಕ ಜಿಲ್ಲೆಯಾಯಿತು. ಕಪ್ಪು ನೆಲದಲ್ಲಿ ಜೋಳ, ತೊಗರಿ, ಹತ್ತಿ ಬೆಳೆಯುತ್ತವೆ. ನಾರಾಯಣಪುರದ ಬಸವಸಾಗರದಿಂದ ಕಾಲುವೆಯ ನೀರು ಬಂದಲ್ಲಿ ಬತ್ತದ ಗದ್ದೆಗಳೂ ಎದ್ದಿವೆ. ಊರಿಂದೂರಿಗೆ ಬೆಳೆ ಬದಲಾದರೂ ವಾರಕ್ಕೊಮ್ಮೆ ನೆರೆಯುವ ಸಂತೆಯ ನೋಟ ಹೆಚ್ಚು ಬದಲಾಗುವುದಿಲ್ಲ.

ಆ ಸಂತೆಯಲ್ಲಿ ಕುಳಿತವರನ್ನು ಗಮನಿಸಿ ನೋಡಿದರೆ ಎರಡು ಬಗೆಯವರು ಕಾಣುತ್ತಾರೆ. ತನ್ನ ತೋಟದ ಬದನೆಕಾಯಿಯನ್ನು ರಾಶಿ ಹಾಕಿಕೊಂಡ ರೈತ, ಗಡಿಗೆಗಳನ್ನು ಸಾಲಾಗಿ ಇಟ್ಟ ಕುಂಬಾರ, ಬುಟ್ಟಿಗಳ ನಡುವೆ ಕುಳಿತ ಮೇದಾರ, ಇವರು ತಾವು ಬೆಳೆದುದನ್ನೋ ಮಾಡಿದುದನ್ನೋ ಮಾರುವವರು. ಅವರ ಪಕ್ಕದಲ್ಲಿಯೇ ತಟ್ಟು ಹಾಸಿಕೊಂಡು ಬಳೆ, ಕುಂಕುಮ, ಹಣಿಗೆ, ರಿಬ್ಬನ್ನುಗಳನ್ನು ಹರಡಿದವರು ಇನ್ನೊಂದು ಬಗೆ. ಇವರ ಸರಕಿನಲ್ಲಿ ಅವರ ಕೈಯಿಂದ ಆದದ್ದು ಒಂದೂ ಇಲ್ಲ. ಎಲ್ಲವೂ ಎಲ್ಲಿಂದಲೋ ಕೊಂಡು ತಂದದ್ದು. ಬದನೆಕಾಯಿ ಉಳಿದರೆ ರೈತನ ಮನೆಯ ಪಲ್ಯಕ್ಕಾದೀತು. ಹೆಚ್ಚಾದರೆ ಎಮ್ಮೆ ತಿಂದೀತು. ಬಳೆ ಉಳಿದರೆ ಅದನ್ನು ತಿನ್ನುವವರು ಯಾರೂ ಇಲ್ಲ. ಅದಕ್ಕೆ ಕೊಟ್ಟ ರೊಕ್ಕವು ಬಳೆಯ ರೂಪದಲ್ಲಿಯೇ ಪೆಟ್ಟಿಗೆಯಲ್ಲಿ ಉಳಿದುಬಿಡುತ್ತದೆ.

ಕೊಂಡು ಮಾರುವವರ ಬದುಕು ಹೊರಗಿನವರಿಗೆ ಬಹಳ ಸುಲಭವಾಗಿ ಕಾಣುವುದುಂಟು. ಹತ್ತು ರೂಪಾಯಿಗೆ ತಂದು ಹದಿನೈದಕ್ಕೆ ಮಾರಿದರೆ ಐದು ರೂಪಾಯಿ ಕುಳಿತಲ್ಲೇ ಬಂದಂತಾಯಿತಲ್ಲವೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಬೇಕಾದರೆ ಬಳೆಗಾರ್ತಿಯ ಜೊತೆಯಲ್ಲಿ ಸಂತೆಯಿಂದ ಹಿಂದಕ್ಕೆ, ಬಳೆ ಬಂದ ದಾರಿಯಲ್ಲಿ, ಸ್ವಲ್ಪ ದೂರ ಹೋಗಿಬರಬೇಕು.

ನಮ್ಮ ದೇಶದ ಗಾಜಿನ ಬಳೆಗಳಲ್ಲಿ ಬಹುಪಾಲು ಉತ್ತರ ಪ್ರದೇಶದ ಫಿರೋಜಾಬಾದಿನ ಕುಲುಮೆಗಳಲ್ಲಿ ತಯಾರಾಗುತ್ತವೆ. ಅಲ್ಲಿಂದ ಅವು ದೊಡ್ಡ ನಗರಗಳ ಸಗಟು ಅಂಗಡಿಗಳನ್ನು ಸೇರುತ್ತವೆ. ಸಗರನಾಡಿನವರಿಗೆ ಹತ್ತಿರದ ದೊಡ್ಡ ಪೇಟೆ ಹೈದರಾಬಾದು. ಅಲ್ಲಿನ ಬೇಗಂ ಬಜಾರಿನಲ್ಲಿ ಸೂಜಿಯಿಂದ ಹಿಡಿದು ಪಾತ್ರೆಯವರೆಗೆ ಎಲ್ಲವೂ ಸಗಟಾಗಿ ದೊರೆಯುತ್ತದೆ. ಚಾರ್‌ಮಿನಾರಿನ ಮಗ್ಗುಲಲ್ಲಿರುವ ಲಾಡ್ ಬಜಾರು ಬಳೆಗಳಿಗೇ ಹೆಸರಾದ ಬೀದಿ. ಮುಂಬಯಿಯ ಕಡೆಯಿಂದ ಬಂದ ರೈಲುಮಾರ್ಗವು 1871ರಲ್ಲಿ ಸೊಲ್ಲಾಪುರ, ಗುಲ್ಬರ್ಗಾ, ಯಾದಗಿರಿಗಳನ್ನು ದಾಟಿ ರಾಯಚೂರನ್ನು ಮುಟ್ಟಿತು. ವಾಡಿಯಿಂದ ಹೈದರಾಬಾದಿನತ್ತ ಕವಲೊಡೆದ ಮಾರ್ಗವು 1874ರಲ್ಲಿ ಸಿದ್ಧವಾಯಿತು. ಅಂದಿನಿಂದ ಇಲ್ಲಿನ ಸಣ್ಣ ವ್ಯಾಪಾರಿಗೆ ಸೊಲ್ಲಾಪುರ, ಹೈದರಾಬಾದುಗಳೆರಡೂ ರೈಲಿನ ಪಯಣದಷ್ಟೇ ದೂರ. ಶಹಾಪುರ, ಸುರಪುರದವರು ಮಾತ್ರ ಮೊದಲು ಬಸ್ಸು ಹಿಡಿದು ಯಾದಗಿರಿಯ ನಿಲ್ದಾಣಕ್ಕೆ ಬರಬೇಕು.

ಸಗಟು ಅಂಗಡಿಯ ಮೆಟ್ಟಿಲು ಹತ್ತಿದವಳಿಗೆ ಅಲ್ಲಿ ಕಾಣುವುದು ಬಣ್ಣಗಳ ಗೋಡೆ. ನೆಲದಿಂದ ಸೂರಿನವರೆಗೆ ಪೆಟ್ಟಿಗೆಗಳು. ಕಣ್ಣಿಗೆ ಚೆಂದವೆನಿಸಿದ್ದನ್ನೆಲ್ಲ ಕೊಂಡವಳು ಊರಿಗೆ ಬಂದು ಮರುಗುತ್ತಾಳೆ. ಅನುಭವವುಳ್ಳವಳು ಮೊದಲು ಕೇಳುವುದು ಅಳತೆಯನ್ನು. ಬಳೆಯ ಅಳತೆಯನ್ನು ಎರಡು-ಎರಡು, ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಎಂದು ಹೇಳುವುದು ವಾಡಿಕೆ. ಎರಡು-ನಾಲ್ಕು ಎಂದರೆ ಒಳಗಿನ ಅಡ್ಡಗಲ ಎರಡು ಅಂಗುಲ ಮತ್ತು ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಎರಡೂಕಾಲು ಅಂಗುಲ. ದೇಶವೆಲ್ಲ ಮೆಟ್ರಿಕ್ ಪದ್ಧತಿಗೆ ಬಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಯಿತು. ಬಳೆಯ ಪೇಟೆ ಮಾತ್ರ ಇನ್ನೂ ಅಂಗುಲವನ್ನು ಬಿಟ್ಟಿಲ್ಲ. ನಡುವಣ ಅಳತೆಗಳು ಬೇಗ ಖರ್ಚಾಗುತ್ತವೆ. ತೀರ ಸಣ್ಣವೂ ತೀರ ದೊಡ್ಡವೂ ಉಳಿಯುತ್ತವೆ. ಸಗಟು ವ್ಯಾಪಾರಿಯೂ ಇದನ್ನು ಬಲ್ಲವನೇ ಆದುದರಿಂದ ಎಲ್ಲ ಅಳತೆಗಳನ್ನೂ ಬೆರೆಸಿದ ಪೆಟ್ಟಿಗೆಯನ್ನು ಕಡಿಮೆ ದರಕ್ಕೆ ಮುಂದೆ ಸರಿಸುತ್ತಾನೆ. ಆ ಸೋವಿ ದರದ ಅರ್ಥವೇನೆಂಬುದು ಮುಂದಿನ ಸಂತೆಯಲ್ಲಿ ತಿಳಿಯುತ್ತದೆ. “ಯಕ್ಕಾ, ಇದರಾಗ ಎರಡು-ನಾಲ್ಕರದು ಇಲ್ಲೇನು?” ಎಂದು ಕೇಳಿದ ಗಿರಾಕಿ ಪಕ್ಕದ ತಟ್ಟಿನತ್ತ ಹೆಜ್ಜೆ ಹಾಕುತ್ತಾಳೆ.

ಎರಡನೆಯದು ಬಣ್ಣ. ಸಿನಿಮಾದಿಂದಲೋ ಧಾರಾವಾಹಿಯಿಂದಲೋ ಹುಟ್ಟಿದ ಹೊಸ ನಮೂನೆಗೆ ಒಂದು ಹಬ್ಬದ ಮಟ್ಟಿಗೆ ಬೇಡಿಕೆಯಿರುತ್ತದೆ, ಮುಂದಿನ ಹಬ್ಬದಲ್ಲಿ ಅದನ್ನು ಕೇಳುವವರಿಲ್ಲ. ಹಸಿರು ಗಾಜಿನ ಬಳೆಯ ಮಾತು ಬೇರೆ. ಮದುವೆಗೆ ಹಸಿರು ಬಳೆ, ಕುಬಸಕ್ಕೆ ಹಸಿರು ಬಳೆ, ಉಡಿ ತುಂಬಲು ಹಸಿರು ಬಳೆ. ಅದರಲ್ಲಿ ಲಾಭ ಕಡಿಮೆ, ಆದರೆ ಅದು ಎಂದೂ ಹಳತಾಗುವುದಿಲ್ಲ. ಜಾಣ ಬಳೆಗಾರ್ತಿಯು ತನ್ನ ಹಣದ ಅರ್ಧವನ್ನು ಹಸಿರಿಗೆ ಹಾಕಿ ಉಳಿದರ್ಧದಲ್ಲಿ ಹೊಸ ನಮೂನೆಗಳನ್ನು ಆರಿಸಿಕೊಳ್ಳುತ್ತಾಳೆ. ಈ ವಿವೇಕವನ್ನು ಅವಳಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ.

ಮೂರನೆಯದು ಕಾಲ. ನಾಗರಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಕೈತುಂಬ ಬಳೆ ಇಡಿಸಿಕೊಳ್ಳುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಯಾದಗಿರಿ ತಾಲೂಕಿನ ಮೈಲಾಪುರದಲ್ಲಿ ಮೈಲಾರಲಿಂಗೇಶ್ವರನ ಜಾತ್ರೆ. ಅದರ ಬೆನ್ನಿಗೆ ಕೃಷ್ಣೆಯ ದಡದ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆ. ದುಡಿಮೆಗೆಂದು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋದವರು ಜಾತ್ರೆಗೆ ಊರಿಗೆ ಬರುತ್ತಾರೆ, ಅವರ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ತೊಗರಿ, ಹತ್ತಿಯ ಹಣ ಕೈಸೇರುವುದೂ ಹೆಚ್ಚುಕಡಿಮೆ ಆ ದಿನಗಳಲ್ಲಿಯೇ. ಆದುದರಿಂದ ಜಾತ್ರೆಗೆ ಮುಂಚೆ ಸರಕು ತುಂಬಿಕೊಳ್ಳಬೇಕು. ಆದರೆ ಪಂಚಮಿಗೆಂದು ಸರಕು ಕೊಳ್ಳುವಾಗ ಮಳೆ ಹೇಗಾಗುವುದೋ ಯಾರಿಗೂ ತಿಳಿದಿರುವುದಿಲ್ಲ. ಮುಂಗಾರು ಕೈಕೊಟ್ಟರೆ ರೈತನ ಮನೆಯವರು ಮೊದಲು ಬಿಡುವುದು ಬಳೆಯಂಥ ಖರ್ಚನ್ನು. ಬಳೆಗಾರ್ತಿಗೆ ಹೊಲವಿರುವುದಿಲ್ಲ, ಆದರೂ ಅವಳು ರೈತನಷ್ಟೇ ಆತಂಕದಿಂದ ಆಕಾಶವನ್ನು ನೋಡುತ್ತಾಳೆ.

ಇನ್ನು ಲೆಕ್ಕಕ್ಕೆ ಬರೋಣ. ನಿಮ್ಮ ಗಣಿತದ ಪುಸ್ತಕದಲ್ಲಿ ಬರುವ ವ್ಯಾಪಾರಿಯು ಭಾಗ್ಯವಂತ. ಅವನು ಕೊಂಡ ಸರಕೆಲ್ಲವೂ ತಪ್ಪದೆ ಮಾರಾಟವಾಗುತ್ತದೆ. ಅವನು ಸಗಟು ಪೇಟೆಗೆ ಹೋಗಿಬಂದ ಖರ್ಚನ್ನು ಯಾರೂ ಕೇಳುವುದಿಲ್ಲ. ಅವನ ಬಳೆ ಒಡೆಯುವುದಿಲ್ಲ. ನಾವು ಇಲ್ಲಿ ಅವುಗಳನ್ನೂ ಸೇರಿಸಿ ಲೆಕ್ಕ ಮಾಡಬೇಕು. ಎಣಿಕೆ ಸುಲಭವಾಗಲೆಂದು ಅಂಕೆಗಳನ್ನು ನಾವೇ ಇಟ್ಟುಕೊಳ್ಳೋಣ.

ಒಬ್ಬ ಬಳೆಗಾರ್ತಿಯ ಕೈಯಲ್ಲಿ 2,000 ರೂಪಾಯಿ ಇದೆ. ತಿಂಗಳಿಗೆ ಸುಮಾರು 50 ಡಜನ್ ಬಳೆ ಅವಳಲ್ಲಿ ಖರ್ಚಾಗುತ್ತದೆ. ಸಗಟು ಅಂಗಡಿಯಲ್ಲಿ 50 ಡಜನ್ ಕೊಂಡರೆ ಡಜನ್ನಿಗೆ 30 ರೂಪಾಯಿ. 200 ಡಜನ್ ಕೊಂಡರೆ 26 ರೂಪಾಯಿ. ಹೋಗಿಬರುವ ಖರ್ಚು, ಊಟ, ಹಮಾಲಿ ಸೇರಿ ಒಮ್ಮೆಗೆ 500 ರೂಪಾಯಿ. ಸಂತೆಯಲ್ಲಿ ಅವಳು ಮಾರುವುದು ಡಜನ್ನಿಗೆ 45 ರೂಪಾಯಿಯಂತೆ. ಐವತ್ತು ಡಜನ್ನಿಗೆ ಎರಡು ಡಜನ್ ದಾರಿಯಲ್ಲಿಯೋ ಇಡಿಸುವಾಗಲೋ ಒಡೆಯುತ್ತವೆ.

ಅವಳು 50 ಡಜನ್ ಕೊಂಡಳೆಂದುಕೊಳ್ಳಿ. ಸರಕಿಗೆ 1,500, ಹೋಗಿಬರಲು 500, ಒಟ್ಟು 2,000. ಮಾರುವುದು 48 ಡಜನ್, ಬರುವುದು 2,160. ತಿಂಗಳೆಲ್ಲ ಸಂತೆಯಿಂದ ಸಂತೆಗೆ ತಿರುಗಿ ಉಳಿದದ್ದು 160 ರೂಪಾಯಿ! ಡಜನ್ನಿಗೆ 15 ರೂಪಾಯಿ ಲಾಭವೆಂದು ನೋಡುವವರು ಲೆಕ್ಕ ಹಾಕಿದ್ದರು. ಆ ಲಾಭದ ಬಹುಭಾಗವನ್ನು ರೈಲು, ಬಸ್ಸು, ಹಮಾಲರೇ ಒಯ್ದರು.

ಹಾಗಾದರೆ 200 ಡಜನ್ ಕೊಳ್ಳಬಾರದೇಕೆ? ಸರಕಿಗೆ 5,200, ಖರ್ಚಿಗೆ 500, ಒಟ್ಟು 5,700. ನಾಲ್ಕು ತಿಂಗಳಿಗೆ ಒಂದೇ ಪ್ರಯಾಣ ಸಾಕು. ಒಡೆದ 8 ಡಜನ್ ಬಿಟ್ಟು 192 ಡಜನ್ ಮಾರಿದರೆ 8,640 ರೂಪಾಯಿ ಬರುತ್ತದೆ, 2,940 ರೂಪಾಯಿ ಉಳಿಯುತ್ತದೆ. ಕಾಗದದ ಮೇಲೆ ಇದು ಬಹಳ ಒಳ್ಳೆಯ ವ್ಯಾಪಾರ. ಆದರೆ ಅವಳ ಕೈಯಲ್ಲಿರುವುದು 2,000 ಮಾತ್ರ. ಉಳಿದುದಕ್ಕೆ ಊರ ಸಾಹುಕಾರನಿಂದ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಂತೆ 4,000 ತಂದರೆ ನಾಲ್ಕು ತಿಂಗಳಿಗೆ ಬಡ್ಡಿಯೇ 480 ಆಗುತ್ತದೆ. ಅಷ್ಟರಲ್ಲಿ ನಮೂನೆ ಬದಲಾಗಿ, ಅಳತೆ ಹೊಂದದೆ, 42 ಡಜನ್ ಉಳಿಯಿತೆನ್ನಿ. ಮಾರಿದ 150 ಡಜನ್ನಿಗೆ 6,750. ಖರ್ಚು ಕಳೆದರೆ 1,050, ಬಡ್ಡಿ ಕಳೆದರೆ 570. ತಿಂಗಳಿಗೆ 160ರಂತೆ ನಾಲ್ಕು ತಿಂಗಳಲ್ಲಿ ಅವಳಿಗೆ 640 ಉಳಿಯುತ್ತಿತ್ತಲ್ಲ, ಇದು ಅದಕ್ಕಿಂತಲೂ ಕಡಿಮೆ. ಉಳಿದ ಬಳೆಗಳು ಮನೆಯಲ್ಲಿಯೇ ಇವೆಯಲ್ಲ ಎನ್ನಬಹುದು. ನಿಜ. ಆದರೆ ಸಾಹುಕಾರನು ಬಳೆಯನ್ನು ಬಡ್ಡಿಗೆ ಹಿಡಿಯುವುದಿಲ್ಲ, ಮಗುವಿನ ಜ್ವರಕ್ಕೆ ಔಷಧಿ ಕೊಡುವವನೂ ಹಿಡಿಯುವುದಿಲ್ಲ.

ಸಣ್ಣ ವ್ಯಾಪಾರಿಯ ಇಕ್ಕಟ್ಟು ಇಲ್ಲಿದೆ. ಸ್ವಲ್ಪ ಕೊಂಡರೆ ದಾರಿಯ ಖರ್ಚು ಲಾಭವನ್ನು ತಿನ್ನುತ್ತದೆ. ಬಹಳ ಕೊಂಡರೆ ಉಳಿದ ಸರಕೂ ಸಾಲದ ಬಡ್ಡಿಯೂ ಅದನ್ನು ತಿನ್ನುತ್ತವೆ. ದೊಡ್ಡ ವ್ಯಾಪಾರಿಗೆ ಹತ್ತು ಬಗೆಯ ಸರಕಿರುತ್ತದೆ, ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ಬಂದೀತು. ಇವಳಿಗಿರುವುದು ಒಂದೇ ಗಂಟು. ನಮ್ಮ ಭಾಷೆಯಲ್ಲಿ ಸರಕಿನ ಮೂಟೆಗೂ ಗಂಟೆನ್ನುತ್ತಾರೆ, ಕೂಡಿಟ್ಟ ಹಣಕ್ಕೂ ಗಂಟೆನ್ನುತ್ತಾರೆ. ಇವಳ ಪಾಲಿಗೆ ಅವೆರಡೂ ಒಂದೇ.

ಹಿಂದಿನ ಕಾಲದಲ್ಲಿ ಈ ಲೆಕ್ಕವು ಇನ್ನಷ್ಟು ಗೋಜಲಾಗಿತ್ತು. 1948ರ ಸೆಪ್ಟೆಂಬರ್ 17ರವರೆಗೆ ಸಗರನಾಡು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಇಲ್ಲಿ ನಡೆಯುತ್ತಿದ್ದುದು ಸಂಸ್ಥಾನದ ‘ಹಾಲಿ ಸಿಕ್ಕಾ’ ರೂಪಾಯಿ. ಸೊಲ್ಲಾಪುರವು ಮುಂಬಯಿ ಪ್ರಾಂತದಲ್ಲಿದ್ದುದರಿಂದ ಅಲ್ಲಿ ಬ್ರಿಟಿಷರ ‘ಕಲ್ದಾರ್’ ರೂಪಾಯಿ. ಆರು ಕಲ್ದಾರಿಗೆ ಏಳು ಹಾಲಿ ರೂಪಾಯಿ ಸಮ. ಸೊಲ್ಲಾಪುರದ ಮಿಲ್ಲುಗಳ ಬಟ್ಟೆಯನ್ನು ಗಂಟು ಕಟ್ಟಿ ತರುವ ಬಟ್ಟೆಯ ವ್ಯಾಪಾರಿಯು ಅಲ್ಲಿ 60 ರೂಪಾಯಿ ಕೊಟ್ಟರೆ ಅವನ ಚೀಲದಿಂದ ಹೋದದ್ದು 70 ಹಾಲಿ. ಗಡಿಯಲ್ಲಿ ‘ಕರೋಡಗಿರಿ’ ಎಂಬ ಸುಂಕದ ಇಲಾಖೆಯವರು ಸಾಮಾನ್ಯವಾಗಿ ಬೆಲೆಯ ಮೇಲೆ ನೂರಕ್ಕೆ ಐದರಂತೆ ಸುಂಕ ಹಿಡಿಯುತ್ತಿದ್ದರು. ಅದು ಮೂರು ರೂಪಾಯಿ ಎಂಟು ಆಣೆ. ಅಲ್ಲಿಗೆ ಬಟ್ಟೆಯ ಬೆಲೆ ಎಪ್ಪತ್ತಮೂರೂವರೆ ರೂಪಾಯಿ ಆಯಿತು. ಅದೇ ಬಟ್ಟೆ ಹೈದರಾಬಾದಿನಲ್ಲಿ ಅದಕ್ಕಿಂತ ಒಂದೆರಡು ಆಣೆ ಕಡಿಮೆಗೆ ಸಿಕ್ಕರೂ ಅತ್ತ ಹೋಗುವುದೇ ಲೇಸು, ಏಕೆಂದರೆ ಅಲ್ಲಿ ನಾಣ್ಯದ ವಟ್ಟವಿಲ್ಲ, ಗಡಿಯ ಸುಂಕವಿಲ್ಲ. ಶಾಲೆಯ ಮೆಟ್ಟಿಲು ಹತ್ತದವರೂ ರೈಲಿನಲ್ಲಿ ಕುಳಿತು ಬೆರಳ ಗೆಣ್ಣುಗಳ ಮೇಲೆ ಈ ತ್ರೈರಾಶಿಯನ್ನು ಬಿಡಿಸುತ್ತಿದ್ದರು. ಸಂಸ್ಥಾನವು ಭಾರತದಲ್ಲಿ ವಿಲೀನವಾದ ಮೇಲಿನ ವರ್ಷಗಳಲ್ಲಿ ಆ ನಾಣ್ಯವೂ ಆ ಸುಂಕವೂ ಇಲ್ಲವಾದವು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಸಾಮಾನ್ಯ ಗಾಜಿನ ಬಳೆಗಳನ್ನು ತೆರಿಗೆಯಿಂದ ಹೊರಗಿರಿಸಲಾಯಿತು. ದಾರಿಯ ಖರ್ಚು ಮತ್ತು ಸಾಲದ ಬಡ್ಡಿ ಮಾತ್ರ ಉಳಿದುಕೊಂಡವು.

ಈ ಇಕ್ಕಟ್ಟು ಇಂದಿನದಲ್ಲ, ನಿಜಾಮರ ಕಾಲದ್ದೂ ಅಲ್ಲ. ಸಾವಿರ ವರ್ಷಗಳ ಹಿಂದೆ ಕನ್ನಡನಾಡಿನಲ್ಲಿ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘವಿತ್ತು. ಅಯ್ಯಾವೊಳೆ ಎಂದರೆ ಬಾಗಲಕೋಟೆ ಜಿಲ್ಲೆಯ ಐಹೊಳೆ. ಶಿಕಾರಿಪುರ ತಾಲೂಕಿನಲ್ಲಿ ದೊರೆತ ಹನ್ನೊಂದನೆಯ ಶತಮಾನದ ಶಾಸನವೊಂದು ಅವರ ಸರಕುಗಳನ್ನು ಉದ್ದಕ್ಕೂ ಹೆಸರಿಸುತ್ತದೆ. ಆನೆ ಕುದುರೆಗಳು, ಮುತ್ತು ಹವಳಗಳು, ಏಲಕ್ಕಿ ಲವಂಗಗಳು, ಚಂದನ ಕರ್ಪೂರಗಳು, ಹೀಗೆ ಸಾಗುತ್ತದೆ ಆ ಪಟ್ಟಿ. ಇವನ್ನು ಅವರು ಸಗಟಾಗಿಯೂ ಮಾರುತ್ತಿದ್ದರು, ಹೆಗಲ ಮೇಲೆ ಹೊತ್ತು ತಿರುಗಿಯೂ ಮಾರುತ್ತಿದ್ದರು ಎಂದು ಆ ಶಾಸನ ತಿಳಿಸುತ್ತದೆ. ದೊಡ್ಡ ವರ್ತಕನೂ ಹೆಗಲ ಮೇಲೆ ಮೂಟೆ ಹೊತ್ತವನೂ ಒಂದೇ ಸಂಘದ ಹೆಸರಿನಡಿ ಕಾಣಿಸಿಕೊಳ್ಳುವುದು ಗಮನಾರ್ಹ. ಈ ಸಂಘದ ಹೆಸರು ಕಡಲಾಚೆಯ ಸುಮಾತ್ರಾ ದ್ವೀಪದಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಇದೆ. ಒಬ್ಬೊಬ್ಬನೇ ಹೊರಟಿದ್ದರೆ ಅಷ್ಟು ದೂರ ಮುಟ್ಟುವುದು ಯಾರಿಗೂ ಸಾಧ್ಯವಿರಲಿಲ್ಲ. ದಾರಿಯ ಕಳ್ಳರ ಭಯ, ಸುಂಕದ ಕಟ್ಟೆ, ಹೇರಿನ ಎತ್ತುಗಳ ಖರ್ಚು, ಎಲ್ಲವನ್ನೂ ಹಂಚಿಕೊಂಡು ನಡೆದವರು ಅವರು.

ನಮ್ಮ ಬಳೆಗಾರ್ತಿಗೂ ಅದೇ ಉಪಾಯವುಂಟು. ಬೇರೆ ಬೇರೆ ಸಂತೆಗಳಲ್ಲಿ ಕುಳಿತುಕೊಳ್ಳುವ ನಾಲ್ವರು ಒಂದುಗೂಡಿ ತಮ್ಮಲ್ಲಿ ಒಬ್ಬಳನ್ನು ಹೈದರಾಬಾದಿಗೆ ಕಳುಹಿಸಿದರೆಂದುಕೊಳ್ಳಿ. ಹೋದವಳು ನಾಲ್ವರ ಪರವಾಗಿ 200 ಡಜನ್ ಕೊಳ್ಳುತ್ತಾಳೆ, ದರ 26ಕ್ಕೆ ಇಳಿಯುತ್ತದೆ. ಒಬ್ಬೊಬ್ಬಳ ಪಾಲಿನ 50 ಡಜನ್ನಿಗೆ 1,300, ಖರ್ಚಿನ ಕಾಲುಪಾಲು 125, ಒಟ್ಟು 1,425. ಒಡೆದವು ಕಳೆದು 48 ಡಜನ್ ಮಾರಿದರೆ 2,160. ಒಬ್ಬಳಿಗೆ ತಿಂಗಳಲ್ಲಿ ಉಳಿಯುವುದು 735. ನಾಲ್ಕು ತಿಂಗಳಿಗೆ ಅದು 2,940 ಆಗುತ್ತದೆ. ಒಬ್ಬಳೇ 200 ಡಜನ್ ಕೊಂಡು ಎಲ್ಲವನ್ನೂ ಮಾರಿದ್ದರೆ ಬಡ್ಡಿಗೆ ಮೊದಲು ಎಷ್ಟು ಉಳಿಯುತ್ತಿತ್ತೋ ಸರಿಯಾಗಿ ಅಷ್ಟು. ಇಲ್ಲಿ ಸಾಲವಿಲ್ಲ. ಒಂದು ಬಣ್ಣ ಓಡಲಿಲ್ಲವಾದರೆ ಮುಂದಿನ ತಿಂಗಳು ಅದನ್ನು ಬಿಟ್ಟು ಬೇರೆ ತರಬಹುದು. 2,000ದಲ್ಲಿ 575 ರೂಪಾಯಿ ಮನೆಯಲ್ಲಿಯೇ ಉಳಿದಿದೆ.

ಇಷ್ಟು ಸರಳವಾದದ್ದನ್ನು ಎಲ್ಲರೂ ಏಕೆ ಮಾಡುವುದಿಲ್ಲ ಎಂಬ ಸಂದೇಹ ನಿಮಗೆ ಬಂದಿರಬಹುದು. ಲೆಕ್ಕದಲ್ಲಿ ಕಾಣದ ತೊಡಕುಗಳು ಇಲ್ಲಿವೆ. ಹೋದವಳು ತನ್ನ ಸಂತೆಗೆ ಸಲ್ಲುವ ಬಣ್ಣವನ್ನೇ ಹೆಚ್ಚು ತಂದಳೆಂಬ ಅನುಮಾನ ಹುಟ್ಟುತ್ತದೆ. ದರ ನಿಜವಾಗಿ 26 ಇತ್ತೋ 25 ಇತ್ತೋ? ಒಡೆದ ಬಳೆ ಯಾರ ಪಾಲಿನದು? ಒಬ್ಬಳು ಈ ತಿಂಗಳ ಹಣವನ್ನು ಉದ್ರಿ ಹೇಳಿದರೆ ಉಳಿದ ಮೂವರು ಅದನ್ನು ತುಂಬಬೇಕೋ ಬೇಡವೋ? ಇಂಥ ಒಂದು ಮಾತಿಗೆ ವರ್ಷಗಳ ಕೂಟ ಮುರಿದುಹೋಗುವುದುಂಟು. ಅಂಗಡಿಯ ಚೀಟಿಯನ್ನು ತಪ್ಪದೆ ತರುವುದು, ಸರದಿಯಂತೆ ಹೋಗುವುದು, ಎಲ್ಲರ ಎದುರಿನಲ್ಲಿಯೇ ಗಂಟು ಬಿಚ್ಚುವುದು, ಇವೆಲ್ಲ ಅದಕ್ಕಾಗಿಯೇ ಬೇಕಾಗುತ್ತವೆ.

ಕರ್ನಾಟಕದಲ್ಲಿ 2000-01ರಲ್ಲಿ ಆರಂಭವಾದ ‘ಸ್ತ್ರೀಶಕ್ತಿ’ ಯೋಜನೆಯ ಗುಂಪುಗಳಲ್ಲಿ ಹಳ್ಳಿಯ ಹೆಂಗಸರು ವಾರವಾರ ಉಳಿತಾಯ ಹಾಕಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವುದನ್ನು ರೂಢಿಸಿಕೊಂಡರು. ಹೀಗೆ ಲೆಕ್ಕದ ಪುಸ್ತಕವನ್ನು ಹತ್ತು ಜನರೆದುರು ಓದಿ ಹೇಳುವ ಪದ್ಧತಿಯು ಅನೇಕ ಮನೆಗಳಿಗೆ ಪರಿಚಯವಾಯಿತು. ಪಟ್ಟಣಗಳ ಬೀದಿವ್ಯಾಪಾರಿಗಳಿಗಾಗಿ ಕೇಂದ್ರ ಸರಕಾರವು 2020ರಲ್ಲಿ ತಂದ ‘ಸ್ವನಿಧಿ’ ಯೋಜನೆಯಲ್ಲಿ ಒತ್ತೆಯಿಲ್ಲದೆ ಕೊಡುವ ಮೊದಲ ಸಾಲವು 10,000 ರೂಪಾಯಿ ಇತ್ತು. 2025ರಲ್ಲಿ ಅದನ್ನು 15,000ಕ್ಕೆ ಏರಿಸಲಾಯಿತು. ಸಾಹುಕಾರನ ಬಡ್ಡಿಯಿಂದ ತಪ್ಪಿಸಿಕೊಳ್ಳಲು ಇವು ನೆರವಾಗಬಲ್ಲವು. ಆದರೆ ಅಗ್ಗದ ಸಾಲ ದೊರೆತ ಮಾತ್ರಕ್ಕೆ ಎರಡು-ಎಂಟರ ಬಳೆಗೆ ಗಿರಾಕಿ ಹುಟ್ಟುವುದಿಲ್ಲ. ಏನನ್ನು ಎಷ್ಟು ಕೊಳ್ಳಬೇಕೆಂಬುದನ್ನು ಕೊಳ್ಳುವವಳೇ ತೀರ್ಮಾನಿಸಬೇಕು.

ನಮ್ಮ ಲೆಕ್ಕದ ನಾಲ್ವರಲ್ಲಿ ಸರದಿಯಂತೆ ಹೋದವಳು ರೈಲಿನಿಂದ ಇಳಿಯುವಾಗ ಇನ್ನೂ ಪೂರ್ತಿ ಬೆಳಗಾಗಿಲ್ಲ. ಉಳಿದ ಮೂವರು ನಿಲ್ದಾಣದ ಹೊರಗೆ ಬೇವಿನ ಮರದ ಬುಡದಲ್ಲಿ ಕಾದಿದ್ದಾರೆ. ಚಹಾ ಕುಡಿಯುವ ಮೊದಲೇ ಗಂಟು ಬಿಚ್ಚುತ್ತಾರೆ. ಪೆಟ್ಟಿಗೆಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಮೆಲ್ಲನೆ ಅಲುಗಿಸುತ್ತಾರೆ. ಒಳಗೆ ಗಾಜು ಗಲಗಲ ಎಂದರೆ ಆ ಪೆಟ್ಟಿಗೆಯನ್ನು ಬೇರೆ ಇಡುತ್ತಾರೆ. ಹಸಿರಿನದೊಂದು ಸಾಲು, ಕೆಂಪಿನದೊಂದು ಸಾಲು, ಎರಡು-ನಾಲ್ಕು ಇತ್ತ, ಎರಡು-ಆರು ಅತ್ತ. ಒಡೆದದ್ದು ಒಟ್ಟು ಏಳು ಡಜನ್ ಮೂರು ಬಳೆ. ಅದನ್ನು ನಾಲ್ಕು ಪಾಲು ಮಾಡುವುದು ಹೇಗೆಂದು ಒಂದು ಗಳಿಗೆ ಮಾತಾಯಿತು. “ಆ ಮೂರು ನನ್ನ ಪಾಲಿಗಿರಲಿ ಬಿಡ್ರಿ ಅಕ್ಕಾ, ಮುಂದಿನ ಸಲ ಹೋಗಾಕಿ ನಾನs ಅದೀನಿ” ಎಂದಳು ಕಿರಿಯವಳು. ಚೀಟಿಯನ್ನು ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡು ಹಿರಿಯವಳು ಎದ್ದಳು. ಶಹಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಂದು ಅವಳ ಊರ ಸಂತೆ.